ಕೂಸಿನ ಇಸಬು, ನಿನ್ನ ಉಬ್ಬಸ: ಮಗಳಿಗೊಂದು ಪತ್ರ

ಕೊಪ್ಪಳ

ಚಿ. ಸೌ. ಗಿರಿಜಾಳಿಗೆ ಅವ್ವನ ಆಶೀರ್ವಾದಗಳು.

ಕೂಸಿನ ಕೆನ್ನೆಯ ಮೇಲಿನ ಕೆಂಪು ಇಸಬೇ ಎಂದು ವೈದ್ಯರು ಹೇಳಿದ್ದನ್ನು ನೀನು ನಿನ್ನೆ ಫೋನಿನಲ್ಲಿ ತಿಳಿಸಿದೆ. ಅದರ ಬೆನ್ನಿಗೇ, ಮೂರು ವರ್ಷ ತುಂಬುವವರೆಗೆ ಅವನಿಗೆ ಶೇಂಗಾ ಮುಟ್ಟಿಸುವುದಿಲ್ಲವೆಂದೂ ನೀನೇ ಹಾಲು ಮೊಸರು ಬಿಟ್ಟಿರುವೆಯೆಂದೂ ಹೇಳಿದೆ. ನಾನು ಬೇಡವೆಂದದ್ದಕ್ಕೆ, "ನನ್ನ ಉಬ್ಬಸ ಅವನಿಗೂ ಬಂದರೆ ನೀನು ಬಂದು ನೋಡಿಕೊಳ್ಳುತ್ತೀಯಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ಬಂದು ನೋಡಿಕೊಳ್ಳುತ್ತೇನೆ, ಅದರಲ್ಲಿ ಸಂಶಯ ಬೇಡ. ಆದರೆ ಆ ಪ್ರಶ್ನೆಯ ಹಿಂದಿನ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಇಸಬು, ಆಹಾರದ ಅಲರ್ಜಿ, ಉಬ್ಬಸ, ಮೂಗು ಸೋರುವ ಅಲರ್ಜಿ ಇವು ಹಲವು ಮಕ್ಕಳಲ್ಲಿ ಒಂದರ ಹಿಂದೆ ಒಂದರಂತೆ ಕಾಣಿಸಿಕೊಳ್ಳುತ್ತವೆ. ವೈದ್ಯರು ಇದಕ್ಕೆ ಅಟೊಪಿಕ್ ಮಾರ್ಚ್ ಎನ್ನುತ್ತಾರೆ. ಇಸಬು ಎಷ್ಟು ಬೇಗ ಬಂತು, ಎಷ್ಟು ತೀವ್ರವಾಗಿದೆ ಎಂಬುದರ ಮೇಲೆ ಮುಂದಿನವುಗಳ ಸಾಧ್ಯತೆ ಹೆಚ್ಚುತ್ತದೆ. ಹಾಗೆಂದು ಇಸಬು ಬಂದ ಪ್ರತಿ ಕೂಸಿಗೂ ಉಬ್ಬಸ ಬರುವುದಿಲ್ಲ, ಹೆಚ್ಚಿನ ಮಕ್ಕಳು ಆ ಸಾಲನ್ನು ಪೂರ್ತಿ ಹಾಯುವುದೂ ಇಲ್ಲ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೊಟೀನಿನ ಜೀನಿನಲ್ಲಿ ದೋಷವಿದ್ದರೆ ಇಸಬಿನ ಅಪಾಯ ಹೆಚ್ಚುತ್ತದೆ ಎಂಬುದನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ವಿಜ್ಞಾನಿಗಳು ತೋರಿಸಿಕೊಟ್ಟರು. ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಧಮ್ಮಸು ಮಾಡದ ಮಾಳಿಗೆ ಸೋರುವ ಹಾಗೆ, ಅಂಥ ಚರ್ಮದಿಂದ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು ಮತ್ತು ಆಹಾರದ ಕಣಗಳು ಒಳಗೆ ಇಳಿಯುತ್ತವೆ. ಉರಿಯುತ್ತಿರುವ ಚರ್ಮದಲ್ಲಿ ಅವುಗಳನ್ನು ಎದುರುಗೊಳ್ಳುವ ರೋಗನಿರೋಧಕ ವ್ಯವಸ್ಥೆ ಅವನ್ನು ಶತ್ರುವೆಂದು ಗುರುತಿಟ್ಟುಕೊಂಡು, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಅದೇ ಆಹಾರ ಬಾಯಿಯ ಮೂಲಕ ಹೊಟ್ಟೆ ಸೇರಿದರೆ ದೇಹ ಸಾಮಾನ್ಯವಾಗಿ ಅದನ್ನು ಸಹಿಸುವುದನ್ನು ಕಲಿಯುತ್ತದೆ. ನಿನ್ನ ಪಥ್ಯವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ನಮ್ಮ ಮನೆಯನ್ನೇ ನೆನೆಸಿಕೋ. ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತೇವೆ, ಹುರಿದು ತಿಕ್ಕಿ ಮೊರದಲ್ಲಿ ಹಾರಿಸಿದಾಗ ಕೆಂಪು ಸಿಪ್ಪೆ ಹಾಸಿಗೆಯವರೆಗೂ ಬರುತ್ತದೆ, ಶೇಂಗಾ ಹಿಂಡಿ ಕುಟ್ಟಿದ ಕೈಯಲ್ಲೇ ಕೂಸಿನ ಕೆನ್ನೆ ಸವರುತ್ತೇವೆ. ಬಾಯಿಗೆ ಕೊಡದಿದ್ದರೂ ಇಸಬಾದ ಚರ್ಮಕ್ಕೆ ಅದು ದಿನವೂ ಸೋಕುತ್ತಿರುತ್ತದೆ. ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡವೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿತ್ತು. ಅದಕ್ಕೆ ಆಧಾರ ಸಾಲದೆಂದು 2008ರಲ್ಲಿ ಹಿಂತೆಗೆದುಕೊಂಡಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡದ ಅಧ್ಯಯನ ಬಂತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳೊಳಗಿನ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶೇಂಗಾ ತಪ್ಪದೆ ತಿನ್ನಿಸಿದರು, ಇನ್ನೊಂದಕ್ಕೆ ಮುಟ್ಟಿಸಲಿಲ್ಲ. ಐದು ವರ್ಷ ತುಂಬಿದಾಗ ಮುಟ್ಟದವರಲ್ಲಿ ಶೇ. 17.2 ಮಕ್ಕಳಿಗೆ ಶೇಂಗಾ ಅಲರ್ಜಿಯಿತ್ತು, ತಿಂದವರಲ್ಲಿ ಶೇ. 3.2 ಮಕ್ಕಳಿಗೆ ಮಾತ್ರ.

ಹಾಗೆಂದು ನಾಳೆಯೇ ತಿನ್ನಿಸಲು ಹೋಗಬೇಡ. ಇಸಬು ತೀವ್ರವಾಗಿದ್ದರೆ ಮೊದಲು ಅಲರ್ಜಿ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಕೊಡುವಾಗಲೂ ಇಡೀ ಕಾಳು ಕೊಡಲೇಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ; ನುಣ್ಣಗೆ ಅರೆದು ತೆಳ್ಳಗೆ ಮಾಡಿಯೇ ಕೊಡಬೇಕು.

ನಿನಗೆ ಎಂಟು ವರ್ಷವಿದ್ದಾಗಿನ ಆ ರಾತ್ರಿ ನಿನಗೂ ನೆನಪಿದೆ, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆದರೆ ನಿನಗೆ ಕಾಣದ್ದೊಂದು ನನಗೆ ಕಂಡಿತ್ತು. ನೀನು ಮೊಣಕಾಲಿಗೆ ಕೈಯೂರಿ ಮುಂದಕ್ಕೆ ಬಾಗಿ ಕುಳಿತು ಉಸಿರೆಳೆದಾಗಲೆಲ್ಲ ಕೊರಳ ಬುಡದ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಪಕ್ಕೆಲುಬುಗಳ ನಡುವಿನ ಚರ್ಮವೂ ಹಾಗೆಯೇ. ಬೆಳಗಾಗುವವರೆಗೆ ನಾನು ನಿನ್ನ ಮುಖ ನೋಡಲಿಲ್ಲ, ಆ ಗುಳಿಯನ್ನೇ ನೋಡುತ್ತಿದ್ದೆ. ಆಮೇಲೆ ಶಾಲೆಯಲ್ಲಿ ಯಾವ ಮಗು ಕೆಮ್ಮಿದರೂ ನನ್ನ ಕಣ್ಣು ಮೊದಲು ಅದರ ಕೊರಳಿಗೆ ಹೋಗುತ್ತಿತ್ತು. ತೊಟ್ಟಿಲಿನ ದಿನ ಎಲ್ಲರೂ ಕೂಸು ಯಾರ ಹಾಗಿದೆ ಎಂದು ಮಾತನಾಡುತ್ತಿದ್ದಾಗಲೂ ನಾನು ನೋಡುತ್ತಿದ್ದುದು ಅವನ ಕೊರಳನ್ನೇ. ನಿನ್ನ ಭಯ ನನಗೆ ತಿಳಿಯದ್ದಲ್ಲ ಗಿರಿಜಾ. ನಿನಗಿಂತ ಮೊದಲಿನಿಂದ ಅದು ನನ್ನಲ್ಲಿದೆ.

ಆದ್ದರಿಂದಲೇ ಹೇಳುತ್ತಿದ್ದೇನೆ, ಈಗ ನಮ್ಮ ಕೈಯಲ್ಲಿರುವುದು ಚರ್ಮ. ಸ್ನಾನ ಚಿಕ್ಕದಾಗಿರಲಿ, ನೀರು ಉಗುರುಬೆಚ್ಚಗಿರಲಿ, ಕಡಲೆಹಿಟ್ಟು ಹಚ್ಚಿ ತಿಕ್ಕುವುದು ಬೇಡ. ಮೈ ಒರೆಸಿದ ಕೂಡಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚು. ಆರೋಗ್ಯವಾಗಿರುವ ಕೂಸುಗಳಿಗೆ ದಿನವೂ ಅದನ್ನು ಹಚ್ಚಿದರೆ ಇಸಬೇ ಬರುವುದಿಲ್ಲವೇನೋ ಎಂಬ ಆಸೆಯಿತ್ತು, ಆದರೆ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಬಂದ ಇಸಬಿಗೆ ಮಾತ್ರ ಆರೈಕೆ ಬೇಕೇ ಬೇಕು. ವೈದ್ಯರು ಬರೆದುಕೊಟ್ಟ ಸ್ಟಿರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚು. ಹೆದರಿ ಅರ್ಧಕ್ಕೆ ಬಿಡಬೇಡ, ಮೆಡಿಕಲ್ ಅಂಗಡಿಯವರು ಕೊಟ್ಟ ಟ್ಯೂಬನ್ನೂ ಹಚ್ಚಬೇಡ. ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ, ಸೊಳ್ಳೆ ಬತ್ತಿ, ಊದುಬತ್ತಿ ಬೇಡ. ನಿಮ್ಮ ಅತ್ತೆಯವರಿಗೆ ದೇವರ ಮುಂದೆ ದೀಪವಷ್ಟೇ ಸಾಕೆಂದು ವಿನಯದಿಂದ ಹೇಳು.

ಹಾಲುಣಿಸುವವಳು ವೈದ್ಯರು ಹೇಳದೆ ಹಾಲು ಮೊಸರು ಬಿಡುವುದು ಸರಿಯಲ್ಲ, ಇಂದೇ ಊಟದಲ್ಲಿ ಮೊಸರು ಹಾಕಿಕೋ. ಮತ್ತೆ ಉಪದೇಶವಾಯಿತು, ಬೇಸರಿಸಬೇಡ. ಕೂಸಿನ ಕೆನ್ನೆಯ ಫೋಟೊಗಳನ್ನು ತಾರೀಖು ಸಮೇತ ಜೋಡಿಸಿ ಇಟ್ಟಿರುವುದನ್ನು ಅಳಿಯಂದಿರು ತೋರಿಸಿದರು. ನನ್ನ ಮಗಳು ಇಷ್ಟು ಅಚ್ಚುಕಟ್ಟಾಗಿ ತಾಯ್ತನ ಮಾಡುತ್ತಿದ್ದಾಳೆಂದು ಓಣಿಗೆಲ್ಲ ಹೇಳಿಕೊಂಡು ಬಂದೆ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಫೋಟೊಗಳನ್ನು ಒಯ್ಯಿ. ಇಸಬು ಎಷ್ಟು ತೀವ್ರವಾಗಿದೆ, ಪರೀಕ್ಷೆ ಬೇಕೇ, ಶೇಂಗಾ ಯಾವಾಗ ಮತ್ತು ಎಲ್ಲಿ ಮೊದಲ ಬಾರಿ ಕೊಡಬೇಕು ಎಂದು ಕೇಳು. ಯಾವ ಆಹಾರ ಕೊಟ್ಟ ಮೇಲಾದರೂ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ವಾಂತಿ ಅಥವಾ ಉಸಿರಾಟದ ತೊಂದರೆಯಾದರೆ, ಇಲ್ಲವೇ ಕೂಸು ಜೋತುಬಿದ್ದರೆ, ನನಗೆ ಫೋನ್ ಮಾಡುತ್ತ ನಿಲ್ಲಬೇಡ, ನೇರ ಆಸ್ಪತ್ರೆಗೆ ಹೋಗು. ಆಗ ಮೊದಲು ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ ತಿಳಿಸು. ಪತ್ರ ತಲುಪಿದ ದಿನ ಫೋನ್ ಮಾಡು.

ನಿನ್ನ ಅವ್ವ