ರೇಸಿಂಗ್ ಸೀಟು ಹಾಕಿಸುವ ಮುನ್ನ ಅದರ ಅಡಿಯನ್ನೂ ನೋಡಿ

ಮಾನ್ಯ ಸಂಪಾದಕರಿಗೆ,

ಕಾರಿನ ಒಳಾಂಗಣವನ್ನು ಅಂದಗೊಳಿಸುವ ಬಗ್ಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಇತ್ತೀಚೆಗೆ ಬಂದ ಬರಹವನ್ನು ಓದಿದೆ. ಅದರಲ್ಲಿ ರೇಸಿಂಗ್ ಸೀಟುಗಳನ್ನು ಸೀಟ್ ಕವರ್, ಸ್ಟೀರಿಂಗ್ ಕವರ್, ಕಾಲಡಿಯ ಮ್ಯಾಟುಗಳ ಸಾಲಿನಲ್ಲೇ ಸೇರಿಸಿ, ಬಣ್ಣ ಮತ್ತು ಬೆಲೆಯನ್ನಷ್ಟೇ ನೋಡಿ ಆರಿಸಿಕೊಳ್ಳಬಹುದಾದ ವಸ್ತುವೆಂಬಂತೆ ವಿವರಿಸಲಾಗಿತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ರಸ್ತೆಗಳಲ್ಲಿ ನಡೆಯುವ ರ‍್ಯಾಲಿಗಳಲ್ಲಿ ಒಂಬತ್ತು ವರ್ಷ ಚಾಲಕನ ಪಕ್ಕದ ಸೀಟಿನಲ್ಲಿ ನ್ಯಾವಿಗೇಟರ್ ಆಗಿ ಕುಳಿತವನು ನಾನು. ಆ ಸೀಟಿನ ಉಪಕಾರವನ್ನೂ ಅಪಾಯವನ್ನೂ ಹತ್ತಿರದಿಂದ ಬಲ್ಲೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬರೆಯಲೇಬೇಕೆನಿಸುವಂಥ ಘಟನೆಯೊಂದು ಈಚೆಗೆ ನಡೆಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ತನ್ನ ಕಾರಿನ ಮುಂದಿನ ಎರಡೂ ಸೀಟುಗಳನ್ನು ತೆಗೆಸಿ, ಕೆಂಪು ಹೊಲಿಗೆಯ ಬಕೆಟ್ ಸೀಟುಗಳನ್ನು, ಎಂದರೆ ಮೈಯನ್ನು ಎರಡೂ ಪಕ್ಕದಿಂದ ಹಿಡಿಯುವ ರೇಸಿಂಗ್ ಸೀಟುಗಳನ್ನು ಹಾಕಿಸಿಕೊಂಡು ಊರಿಗೆ ಬಂದಿದ್ದ. ಮರುದಿನ ಧರ್ಮಸ್ಥಳಕ್ಕೆಂದು ಹೊರಟು ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ, ತಿರುವಿನಲ್ಲಿ ಎದುರಿಗೆ ಬಸ್ಸು ಬಂದಿತೆಂದು ಅವನು ಜೋರಾಗಿ ಬ್ರೇಕ್ ಒತ್ತಿದ. ಬೆಲ್ಟ್ ಹಾಕಿಕೊಂಡಿದ್ದರೂ ನಾನು ಸೀಟಿನ ಸಮೇತ ಮುಂದಕ್ಕೆ ವಾಲಿದೆ. ಉಜಿರೆಯಲ್ಲಿ ಕಾರು ನಿಲ್ಲಿಸಿ ಬಗ್ಗಿ ನೋಡಿದರೆ, ಸೀಟನ್ನು ಕಾರಿನ ನೆಲಕ್ಕೆ ಸೇರಿಸಿದ್ದ ಕಬ್ಬಿಣದ ಪಟ್ಟಿಯ ಒಂದು ಕಡೆ ವೆಲ್ಡಿಂಗ್ ಬಿಟ್ಟುಕೊಂಡಿತ್ತು, ಇನ್ನೊಂದು ಕಡೆ ಪಟ್ಟಿಯೇ ಬಾಗಿತ್ತು. ಯಾವುದಕ್ಕೂ ಡಿಕ್ಕಿ ಹೊಡೆಯದೆ, ಬರೀ ಬ್ರೇಕಿಗೆ ಆದ ಸ್ಥಿತಿ ಇದು.

ಡಿಕ್ಕಿಯಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಗೋಡೆಗೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 70 ಕೆ.ಜಿ. ತೂಕದ ಮನುಷ್ಯನನ್ನು ಹಿಡಿದು ನಿಲ್ಲಿಸಲು ಬೇಕಾಗುವ ಬಲ ಸರಾಸರಿ ಒಂದು ಟನ್ ಭಾರಕ್ಕೆ ಸಮ. ಆ ಬಲದ ದೊಡ್ಡ ಪಾಲು ಬೆಲ್ಟಿನ ಮೂಲಕ, ಬೆಲ್ಟಿನ ಬಕಲ್ ಮೂಲಕ, ಬಕಲ್ ಕೂತಿರುವ ಜಾಗದ ಮೂಲಕ ಕಾರಿನ ಮೈಗೆ ಇಳಿಯಬೇಕು. ಇಂದಿನ ಬಹಳಷ್ಟು ಕಾರುಗಳಲ್ಲಿ ಮುಂದಿನ ಬೆಲ್ಟಿನ ಬಕಲ್ ಇರುವುದು ನೆಲದಲ್ಲಲ್ಲ, ಸೀಟಿನ ಚೌಕಟ್ಟಿನಲ್ಲಿ. ಮೂಲ ಸೀಟನ್ನು ತೆಗೆದಾಗ ಬಕಲ್ ಕೂಡ ಕಳಚಿಕೊಳ್ಳುತ್ತದೆ. ನನ್ನ ಅಕ್ಕನ ಮಗನ ಕಾರಿನಲ್ಲಿ ಅಂಗಡಿಯವರು ಅದನ್ನು ಅದೇ ತೆಳು ಪಟ್ಟಿಗೆ ಒಂದು ಬೋಲ್ಟ್ ಹಾಕಿ ಬಿಗಿದಿದ್ದರು. ಎಂದರೆ ಪಟ್ಟಿ ಕಿತ್ತುಬಂದರೆ ಸೀಟೂ ಇಲ್ಲ, ಬೆಲ್ಟೂ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ ಸಂಗತಿ ಇನ್ನೊಂದಿತ್ತು. ಅವನದು ಆರು ಏರ್‌ಬ್ಯಾಗುಗಳ ಕಾರು. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಎದೆ ಮತ್ತು ಪಕ್ಕೆಲುಬುಗಳನ್ನು ಕಾಯುವ ಎರಡು ಏರ್‌ಬ್ಯಾಗುಗಳು ಮುಂದಿನ ಸೀಟುಗಳ ಬೆನ್ನಿನ ಹೊರ ಅಂಚಿನೊಳಗೇ ಇರುತ್ತವೆ. ಸೀಟು ತೆಗೆದಾಗ ಅವೂ ಹೋದವು. ವೈರನ್ನು ಬಿಡಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳಬೇಕು, ಹೊತ್ತಿಕೊಂಡಿರಲಿಲ್ಲ. ಕಾರಣ, ಏರ್‌ಬ್ಯಾಗು ಇರಬೇಕಾದ ಕನೆಕ್ಟರಿಗೆ ಅಂಗಡಿಯಲ್ಲಿ ಒಂದು ಸಣ್ಣ ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ತಡೆಯುವ ಬಿಡಿಭಾಗ) ಸಿಕ್ಕಿಸಿ, ಎಲ್ಲವೂ ಸರಿಯಿದೆಯೆಂದು ಕಾರಿನ ಕಂಪ್ಯೂಟರನ್ನು ನಂಬಿಸಿದ್ದರು. ದೀಪ ಉರಿಯುತ್ತಿದ್ದರೆ ಮಾಲೀಕನಿಗಾದರೂ ಗೊತ್ತಾಗುತ್ತಿತ್ತು, ನಾಳೆ ಆ ಕಾರನ್ನು ಕೊಳ್ಳುವವರಿಗೂ ಗೊತ್ತಾಗುತ್ತಿತ್ತು. ದೀಪವನ್ನೇ ಆರಿಸಿ ಕೊಡುವುದು ಗಿರಾಕಿಗೆ ಮಾಡುವ ಉಪಕಾರವಲ್ಲ, ಅವನ ಜೀವದ ವಿಷಯದಲ್ಲಿ ಮಾಡುವ ವಂಚನೆ. ಈ ಮಾತನ್ನು ನಾನು ಯೋಚಿಸಿಯೇ ಬರೆಯುತ್ತಿದ್ದೇನೆ. ಅಕ್ಕನ ಮಗನಿಗೆ ಇದಾವುದೂ ತಿಳಿದಿರಲಿಲ್ಲ. ತನ್ನ ಕಾರಿನಲ್ಲಿ ಈಗಲೂ ಆರು ಏರ್‌ಬ್ಯಾಗುಗಳಿವೆ ಎಂದೇ ಅವನು ನಂಬಿದ್ದ.

ಬಕೆಟ್ ಸೀಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತೋಟದ ಮಣ್ಣು ದಾರಿಯಲ್ಲಿ ಕಾರು ಅಡ್ಡಡ್ಡವಾಗಿ ಜಾರುತ್ತ ಹೋಗುವಾಗ, ಮಡಿಲಲ್ಲಿರುವ ಪುಸ್ತಕ ನೋಡಿ ಮುಂದಿನ ತಿರುವನ್ನು ಓದಿ ಹೇಳುತ್ತಿದ್ದ ನನ್ನನ್ನು ಅಲುಗದಂತೆ ಹಿಡಿದದ್ದು ಅಂಥ ಸೀಟೇ. ಆದರೆ ಅದು ಒಬ್ಬಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ. ರ‍್ಯಾಲಿ ಕಾರಿನಲ್ಲಿ ಸೀಟಿನ ಸುತ್ತ ಉಕ್ಕಿನ ಕೊಳವೆಗಳ ರೋಲ್ ಕೇಜ್ ಇರುತ್ತದೆ, ಆರು ಕಡೆ ಬಿಗಿಯುವ ಬೆಲ್ಟು, ಎಂದರೆ ಹಾರ್ನೆಸ್ ಇರುತ್ತದೆ, ತಲೆಗೆ ಹೆಲ್ಮೆಟ್, ಕತ್ತನ್ನು ಕಾಯಲು ಹೆಗಲ ಮೇಲೆ ಹಾನ್ಸ್ ಸಾಧನ ಇರುತ್ತವೆ. ಇವುಗಳಲ್ಲಿ ಸೀಟನ್ನು ಮಾತ್ರ ಹೆಕ್ಕಿ ತಂದು ಮನೆಯ ಕಾರಿಗೆ ಹಾಕಿದಾಗ ಅದರ ಗುಣಗಳೇ ದೋಷಗಳಾಗಿ ತಿರುಗುತ್ತವೆ. ತಲೆಯ ಎರಡೂ ಬದಿಗೆ ಚಾಚಿಕೊಂಡಿರುವ ರೆಕ್ಕೆಗಳನ್ನು ರೂಪಿಸಿರುವುದು ಹೆಲ್ಮೆಟ್ ಹಾಕಿದ ತಲೆಗಾಗಿ. ಬರಿತಲೆಯ ಚಾಲಕನಿಗೆ ಅವು ಬದಿಯ ನೋಟವನ್ನು ಮರೆಮಾಡುತ್ತವೆ, ಮತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಎಡಗಡೆಯಿಂದ ನುಸುಳಿ ಬರುವ ದ್ವಿಚಕ್ರ ವಾಹನ ಕಾಣಬೇಕಾದದ್ದು ಆ ಬದಿಯ ನೋಟದಲ್ಲೇ.

ಬೆಲ್ಟಿನ ವಿಷಯವೂ ಹಾಗೆಯೇ. ಕಾರಿನ ಮಾಮೂಲಿ ಮೂರು ಬಿಂದುಗಳ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ತಗ್ಗಾಗಿ ಕೂರಬೇಕು. ಬಕೆಟ್ ಸೀಟಿನ ಎತ್ತರದ ಪಕ್ಕೆಗಳು ಅದನ್ನು ಮೇಲಕ್ಕೆತ್ತಿ ಹೊಟ್ಟೆಯ ಮೇಲೆ ತಂದಿಡುತ್ತವೆ. ಡಿಕ್ಕಿಯಾದಾಗ ಮೈ ಬೆಲ್ಟಿನ ಕೆಳಗೆ ಜಾರಿ, ಪಟ್ಟಿ ಕರುಳನ್ನು ಒತ್ತುತ್ತದೆ. ಇದಕ್ಕೆ ಪರಿಹಾರವೆಂದು ಕೆಲವರು ನಾಲ್ಕು ಬಿಂದುಗಳ ಹಾರ್ನೆಸ್ ಹಾಕಿಸಿಕೊಂಡು, ಅದರ ಹೆಗಲ ಪಟ್ಟಿಗಳನ್ನು ಹಿಂದಿನ ನೆಲದ ಬೋಲ್ಟಿಗೆ ಕಟ್ಟಿಸುತ್ತಾರೆ. ಅದು ಇನ್ನೂ ದೊಡ್ಡ ತಪ್ಪು. ಹೆಗಲ ಪಟ್ಟಿ ಸೀಟಿನ ಬೆನ್ನಿನ ಮೇಲ್ತುದಿಯಿಂದ ಹಿಂದಕ್ಕೆ ಹೆಚ್ಚುಕಡಿಮೆ ನೇರವಾಗಿ ಹೋಗಬೇಕು. ಅದರ ಇಳಿಜಾರು 10 ಡಿಗ್ರಿಯೊಳಗಿದ್ದರೆ ಒಳ್ಳೆಯದು, 45 ಡಿಗ್ರಿಯನ್ನು ಯಾವ ಕಾರಣಕ್ಕೂ ಮೀರಕೂಡದು ಎಂದು ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯನ್ನು ನಿಯಂತ್ರಿಸುವ ಎಫ್‌ಐಎ ಸಂಸ್ಥೆಯ ನಿಯಮ ಹೇಳುತ್ತದೆ. ಪಟ್ಟಿಯನ್ನು ನೆಲಕ್ಕೆ ಎಳೆದು ಕಟ್ಟಿದರೆ ಡಿಕ್ಕಿಯ ಬಲ ಹೆಗಲನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನೇ ಒತ್ತುತ್ತದೆ. ರೋಲ್ ಕೇಜ್ ಇಲ್ಲದ ಕಾರು ಮಗುಚಿದರೆ, ಕುಸಿಯುವ ಛಾವಣಿಯ ಕೆಳಗೆ ಪಕ್ಕಕ್ಕೆ ಬಾಗಲು ಕೂಡ ಆಗದಂತೆ ಹಾರ್ನೆಸ್ ಮನುಷ್ಯನನ್ನು ನೆಟ್ಟಗೆ ಹಿಡಿದಿಟ್ಟಿರುತ್ತದೆ.

ಹಿಂದೆ ಕೂರುವವರನ್ನು ಸೀಟು ಕೊಳ್ಳುವಾಗ ಯಾರೂ ನೆನೆಯುವುದಿಲ್ಲ. ಕಾರಿನ ಮೂಲ ಸೀಟಿನ ಬೆನ್ನು ಹಿಂಬದಿಯಲ್ಲೂ ಮೆತ್ತಗಿರುತ್ತದೆ. ಫೈಬರ್ ಬಕೆಟ್ಟಿನ ಹಿಂಬದಿ ಬರೀ ಗಟ್ಟಿ ಚಿಪ್ಪು. ಅಜ್ಜಿಯನ್ನೋ ಮಗುವನ್ನೋ ಅದರ ಹಿಂದೆ ಕೂರಿಸುವ ಮುನ್ನ ಒಮ್ಮೆ ಅದನ್ನು ಬೆರಳಿನಿಂದ ತಟ್ಟಿ ನೋಡಿದರೆ ಸಾಕು.

ಇಷ್ಟಾದರೂ ನಿಜವಾಗಿ ರ‍್ಯಾಲಿಗೋ ಟ್ರ್ಯಾಕಿಗೋ ಕಾರು ಸಿದ್ಧಪಡಿಸುವ ಯುವಕರು ನಮ್ಮ ರಾಜ್ಯದಲ್ಲಿ ಸಾಕಷ್ಟಿದ್ದಾರೆ, ಅವರು ಸೀಟನ್ನು ಆರಿಸಲೇಬೇಕು. ಅವರು ಮೊದಲು ನೋಡಬೇಕಾದದ್ದು ಸೀಟಿಗೆ ಅಂಟಿಸಿರುವ ಎಫ್‌ಐಎ ಲೇಬಲ್. 8855-1999 ಎಂಬ ಮಾನದಂಡದ ಸೀಟು ತಯಾರಾದಂದಿನಿಂದ 5 ವರ್ಷ ಮಾನ್ಯ. 8862-2009 ಎಂಬುದು ಅದಕ್ಕಿಂತ ಕಠಿಣವಾದ ಪರೀಕ್ಷೆ ದಾಟಿದ ಸೀಟು, ಅದರ ಅವಧಿ 10 ವರ್ಷ. ಅವಧಿ ಮುಗಿದವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಅಪಘಾತ ಕಂಡ ಫೈಬರ್ ಚಿಪ್ಪಿನ ಒಳಗಿನ ಬಿರುಕು ಹೊದಿಕೆಯ ಮೇಲೆ ಕಾಣುವುದಿಲ್ಲವಾದ್ದರಿಂದ, ಹಿಂದಿನ ಇತಿಹಾಸ ಗೊತ್ತಿಲ್ಲದ ಸೀಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ನಕಲಿಗಳ ಕಾಟ ಬೇರೆ. ರೆಕಾರೊ ಎಂಬ ಸೀಟಿನ ಹೆಸರನ್ನೇ ನೋಡಿ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1906ರಲ್ಲಿ ಶುರುವಾದ ರಾಯ್ಟರ್ ಎಂಬ ಗಾಡಿಮೈ ಕಟ್ಟುವ ಕಾರ್ಖಾನೆ ಪೋರ್ಷೆ ಕಾರುಗಳಿಗೆ ಮೈ ಕಟ್ಟಿಕೊಡುತ್ತಿತ್ತು. 1963ರಲ್ಲಿ ಆ ಕೆಲಸವನ್ನು ಪೋರ್ಷೆಯೇ ಕೊಂಡುಕೊಂಡ ಮೇಲೆ ಉಳಿದ ಸೀಟಿನ ವ್ಯವಹಾರಕ್ಕೆ, ರಾಯ್ಟರ್ ಮತ್ತು ಕರೋಸ್ಸೆರಿ (ಗಾಡಿಮೈ) ಎಂಬೆರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿ ರೆಕಾರೊ ಎಂದು ಹೆಸರಿಟ್ಟರು. ಅರವತ್ತು ವರ್ಷಗಳ ಆ ಹೆಸರು ಈಗ ನಮ್ಮ ಅಂಗಡಿಗಳಲ್ಲಿ ರೆಕ್ಕೆಯಿರುವ ಯಾವ ಸೀಟಿಗೂ ಸಲ್ಲುತ್ತಿದೆ. ಇಟಲಿಯ ಸ್ಪಾರ್ಕೊ, ಜಪಾನಿನ ಬ್ರೈಡ್ ಹೆಸರುಗಳ ಗತಿಯೂ ಅದೇ. ಹೊದಿಕೆಯ ಮೇಲೆ ಹೆಸರು ಹೊಲಿಯುವುದು ಸುಲಭ. ಚಿಪ್ಪಿನೊಳಗೆ ಎಷ್ಟು ಪದರ ಫೈಬರ್ ಇದೆಯೆಂಬುದನ್ನು ಹೊರಗಿನಿಂದ ತಿಳಿಯಲಾಗದು. ಆದ್ದರಿಂದ ಆ ಕಂಪನಿಯ ಅಧಿಕೃತ ಮಾರಾಟಗಾರರಿಂದ, ರಸೀದಿ ಪಡೆದೇ ಕೊಳ್ಳಬೇಕು.

ಸೀಟಿನಷ್ಟೇ ಮುಖ್ಯವಾದದ್ದು ಅದರ ಕೂರಿಕೆ. ಎಫ್‌ಐಎ ನಿಯಮದ ಪ್ರಕಾರ ಸೀಟನ್ನು ಹಿಡಿಯುವ ಪಟ್ಟಿ ಉಕ್ಕಿನದಾದರೆ ಕನಿಷ್ಠ 3 ಮಿ.ಮೀ., ಹಗುರ ಮಿಶ್ರಲೋಹದ್ದಾದರೆ ಕನಿಷ್ಠ 5 ಮಿ.ಮೀ. ದಪ್ಪವಿರಬೇಕು. ಬೋಲ್ಟುಗಳು 8 ಮಿ.ಮೀ. ಅಳತೆಗೆ ಕಡಿಮೆಯಿರಬಾರದು, ತಲೆಯ ಮೇಲೆ ಬೋಲ್ಟಿನ ಗಟ್ಟಿತನವನ್ನು ಸೂಚಿಸುವ 8.8 ಎಂಬ ಗುರುತಿದ್ದರೆ ಒಳ್ಳೆಯದು. ಕಾರಿನ ನೆಲದ ತಗಡು ಹರಿದು ಬೋಲ್ಟ್ ಮೇಲೆ ಬಾರದಂತೆ ತಡೆಯಲು ಒಂದೊಂದು ಬಿಂದುವಿನಲ್ಲೂ ಕನಿಷ್ಠ 40 ಚದರ ಸೆಂ.ಮೀ. ಸಂಪರ್ಕ ಸಿಗುವಂತೆ ಅಡಿಯಿಂದ ತಗಡು ಕೊಡಬೇಕು. ಬರೀ ವಾಷರ್ ಸಾಲದು. ಅಕ್ಕನ ಮಗನ ಕಾರಿನಿಂದ ಬಿಚ್ಚಿ ತೆಗೆದ ಪಟ್ಟಿಯನ್ನು ನಾನೇ ಅಳೆದೆ, ಪೂರಾ 2 ಮಿ.ಮೀ. ಕೂಡ ಇರಲಿಲ್ಲ. ರ‍್ಯಾಲಿಯ ತಪಾಸಣೆಗೆ ಅಂಥ ಕಾರು ಹೋದರೆ ಓಡಿಸಲು ಬಿಡುವುದಿಲ್ಲ. ಮುಚ್ಚಿದ ರಸ್ತೆಯಲ್ಲಿ ಬೇಡವೆಂದದ್ದು ಸಂತೆ, ಶಾಲೆ, ಬಸ್ಸುಗಳಿರುವ ರಸ್ತೆಯಲ್ಲಿ ಓಡಾಡುತ್ತಿದೆ.

ಅಳತೆಯ ಬಗ್ಗೆ ಒಂದು ಮಾತು. ಚಿತ್ರ ನೋಡಿ ಆನ್‌ಲೈನಿನಲ್ಲಿ ತರಿಸುವವರು ಸೊಂಟದ ಅಗಲವನ್ನಾಗಲಿ ಭುಜದ ಅಗಲವನ್ನಾಗಲಿ ಅಳೆಯುವುದೇ ಇಲ್ಲ. ಸೀಟಿನಲ್ಲಿ ಕುಳಿತಾಗ ಪಕ್ಕೆ ಬಿಗಿಯಾಗಿರಬೇಕು, ಉಸಿರಾಟಕ್ಕೆ ಅಡ್ಡಿಯಾಗಬಾರದು. ಹಾರ್ನೆಸ್ ಹಾದುಬರುವ ಕಿಂಡಿ ಭುಜದ ಮಟ್ಟಕ್ಕೆ ಹತ್ತಿರವಿರಬೇಕು. ಹೆಲ್ಮೆಟ್ ಹಾಕಿಕೊಂಡು ಕುಳಿತಾಗ ತಲೆ ಛಾವಣಿಗೂ ಕೇಜಿನ ಕೊಳವೆಗೂ ತಾಗದಷ್ಟು ಜಾಗ ಉಳಿಯಬೇಕು. ಅಂಗಡಿಯಲ್ಲಿ ಎರಡು ನಿಮಿಷ ಕುಳಿತು ಎದ್ದರೆ ಇದಾವುದೂ ತಿಳಿಯುವುದಿಲ್ಲ, ಅರ್ಧ ಗಂಟೆಯಾದರೂ ಕುಳಿತಿರಬೇಕು. ನನ್ನ ಮೊದಲ ಸೀಟು ಸೊಂಟಕ್ಕೆ ಎರಡು ಬೆರಳು ಅಗಲ ಹೆಚ್ಚಿತ್ತು. ಮೂರು ದಿನಗಳ ಒಂದು ರ‍್ಯಾಲಿ ಮುಗಿಯುವ ವೇಳೆಗೆ ಎರಡೂ ಪಕ್ಕ ನೀಲಿಗಟ್ಟಿದ್ದವು.

ಇನ್ನು ದಿನವೂ ದೂರ ಪ್ರಯಾಣ ಮಾಡುವ, ಬೆನ್ನುನೋವಿನ ಕಾರಣಕ್ಕೆ ಬೇರೆ ಸೀಟು ಬಯಸುವ ಓದುಗರಿಗೆ ರೇಸಿಂಗ್ ಬಕೆಟ್ ಉತ್ತರವಲ್ಲ. ಮೂಲ ಸೀಟಿನ ಚೌಕಟ್ಟು, ಸೀಟು ಹಿಂದೆ ಮುಂದೆ ಜಾರುವ ಹಳಿ, ಬಕಲ್‌ಗಳನ್ನು ಮುಟ್ಟದೆ, ನುರಿತ ಕುಶನ್ ಕೆಲಸಗಾರರಿಂದ ಕುಸಿದ ಫೋಮನ್ನು ಬದಲಿಸಿ ಸೊಂಟದ ಬಳಿ ಆಸರೆ ಕೂಡಿಸಿಕೊಳ್ಳಬಹುದು. ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದು ಹೊರಬರುವ ಅಂಚಿನ ಹೊಲಿಗೆಯನ್ನು ಗಟ್ಟಿ ದಾರದಿಂದ ಮುಚ್ಚಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್ ಹೊಲಿಸುವವರೂ ಕೇಳಿ ತಿಳಿಯಬೇಕಾದ ವಿಷಯವಿದು.

ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆದರೆ ರಸ್ತೆಯ ತಪಾಸಣೆಯಲ್ಲಿ ಕಣ್ಣಿಗೆ ಬೀಳುವುದು ಸೈಲೆನ್ಸರು ಮತ್ತು ಕಪ್ಪು ಗಾಜು. ಸೀಟಿನ ಅಡಿಗೆ ಬಗ್ಗಿ ನೋಡುವವರಿಲ್ಲ. ಏರ್‌ಬ್ಯಾಗಿನ ಕನೆಕ್ಟರಿಗೆ ರೆಸಿಸ್ಟರ್ ಹಾಕಿ ಮಾರುವ ಕೆಲಸವನ್ನಾದರೂ ಸಾರಿಗೆ ಇಲಾಖೆ ಪ್ರತ್ಯೇಕ ಅಪರಾಧವೆಂದು ಕಂಡು, ಅಂಗಡಿಗಳ ಮಟ್ಟದಲ್ಲೇ ತಡೆಯಬೇಕೆಂದು ಈ ಮೂಲಕ ಕೋರುತ್ತೇನೆ.

ಅಕ್ಕನ ಮಗನ ಹಳೆಯ ಸೀಟುಗಳು ಅದೃಷ್ಟಕ್ಕೆ ಅವನ ಬಾಡಿಗೆ ಮನೆಯ ಅಟ್ಟದಲ್ಲೇ ಇದ್ದವು. ಕಾರು ಕಂಪನಿಯ ವರ್ಕ್‌ಶಾಪಿನಲ್ಲಿ ಬ್ಯಾಟರಿಯ ಸಂಪರ್ಕ ತೆಗೆದು, ರೆಸಿಸ್ಟರ್ ಕಿತ್ತು, ಏರ್‌ಬ್ಯಾಗುಗಳ ವೈರು ಜೋಡಿಸಿ ಅವನ್ನೇ ಮರಳಿ ಕೂರಿಸಿದ್ದಾರೆ. ತಮ್ಮ ವಾಹನ ಪುಟದಲ್ಲಿ ಮುಂದೆ ಇಂಥ ಸೀಟುಗಳ ಚಿತ್ರ ಪ್ರಕಟಿಸುವಾಗ, ಹೊದಿಕೆಯ ಚಿತ್ರದ ಪಕ್ಕದಲ್ಲಿ ಸೀಟಿನ ಅಡಿಯ ಪಟ್ಟಿ, ಬೋಲ್ಟು, ಬಕಲ್‌ಗಳ ಚಿತ್ರವನ್ನೂ ಹಾಕಿ, ಲೇಬಲಿನ ದಿನಾಂಕ ಓದುವ ಬಗೆಯನ್ನು ನಾಲ್ಕು ಸಾಲಿನಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಚಿಕ್ಕಮಗಳೂರು