ಕರೆಂಟ್ ಕೊಡೋ ಕೆಲಸ ಕಲಿಸಿದ ಎಲ್ರಿಗೂ

ನಿನ್ನೆ ಇಂಟರ್ನ್‌ಶಿಪ್ ಮುಗೀತು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಬಿ.ಎಸ್ಸಿ ರೇಡಿಯೋಥೆರಪಿ ಟೆಕ್ನಾಲಜಿ, ಅಂದ್ರೆ ಕ್ಯಾನ್ಸರ್ ಪೇಷಂಟ್‌ಗಳಿಗೆ ಮಿಷಿನಲ್ಲಿ ರೇಡಿಯೇಷನ್ ಕೊಡೋ ಕೆಲ್ಸ, ಜನ ಕರೆಂಟ್ ಕೊಡೋದು ಅಂತಾರಲ್ಲ ಅದು. ರಾತ್ರಿ ವಿಲ್ಸನ್ ಗಾರ್ಡನ್ ಪಿಜಿಗೆ ಬಂದು ಕೂತ್ಕೊಂಡಾಗ ಯಾರ್ಯಾರಿಗೋ ಫೋನ್ ಮಾಡ್ಬೇಕು ಅನ್ನಿಸ್ತು, ಆದ್ರೆ ಅದ್ರಲ್ಲಿ ಕೆಲವ್ರ ನಂಬರೇ ನನ್ನ ಹತ್ರ ಇಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದ್ಲು ನಮ್ಮಮ್ಮಂಗೆ. ಫಸ್ಟ್ ಇಯರ್ ಫೀಸಿಗೆ ಎರಡು ಬಳೆ ಗಿರವಿ ಇಟ್ಲು, ಅದು ಒಂದು ಕಡೆ ಇರ್ಲಿ, ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನೆಂಟ್ರು ಮನೆಗೇ ಬಂದು "ಆ ಮಿಷಿನ್ ಹತ್ರ ಕೆಲ್ಸ ಮಾಡೋ ಹುಡ್ಗೀಗೆ ನಾಳೆ ಮಕ್ಳಾಗಲ್ಲ, ಮದ್ವೆ ಹೆಂಗೆ ಮಾಡ್ತೀಯಾ" ಅಂತ ಕೇಳಿದಾಗ ಅಮ್ಮ ಹೆದರಿದ್ಲು, ನಿಜವಾಗ್ಲೂ ಹೆದರಿದ್ಲು, ಆದ್ರೂ ಬೇಡ ಅನ್ಲಿಲ್ಲ. "ನೀನು ಓದಿ ತಿಳ್ಕೊಂಡು ನಂಗೆ ಹೇಳು" ಅಂದ್ಲು ಅಷ್ಟೇ. ಟಿಎಲ್‌ಡಿ ಬ್ಯಾಡ್ಜ್ ಕೈಗೆ ಬಂದ ದಿನ ವಿಡಿಯೋ ಕಾಲ್ ಮಾಡಿ ತೋರಿಸ್ದೆ. ಇದು ನನ್ನ ಮೈಗೆ ಎಷ್ಟು ರೇಡಿಯೇಷನ್ ಬಿತ್ತು ಅಂತ ಲೆಕ್ಕ ಇಡುತ್ತೆ, ಮೂರು ತಿಂಗಳಿಗೊಂದ್ಸಲ ಕಳಿಸಿ ರೀಡಿಂಗ್ ತರಿಸ್ತಾರೆ, ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ರೇಡಿಯೇಷನ್ ಅಳತೆ) ದಾಟಬಾರ್ದು, ಯಾವ ಒಂದು ವರ್ಷದಲ್ಲೂ 30 ದಾಟಬಾರ್ದು ಅಂತ ನಮ್ಮ ದೇಶದಲ್ಲಿ ರೂಲ್ ಇದೆ, ಬೀಮ್, ಅಂದ್ರೆ ರೇಡಿಯೇಷನ್ ಕಿರಣ, ಆನ್ ಆದಾಗ ನಾವು ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಇರ್ತೀವಿ ಅಂತೆಲ್ಲ ಹೇಳ್ದೆ. ಆಮೇಲೆ ಬೀದಿಯಲ್ಲಿ ಯಾರೇ ಕೇಳಿದ್ರೂ ಅಮ್ಮನೇ ಉತ್ತರ ಕೊಡೋಕೆ ಶುರು ಮಾಡಿದ್ಲು.

ಫಿಸಿಕ್ಸಲ್ಲಿ ಪಾಸ್ ಮಾಡಿಸಿದ ಇಬ್ರು ರೂಮ್‌ಮೇಟ್ಸ್, ಲೇಟ್ ಆದ್ರೂ ಮುದ್ದೆ ಸಾರು ಮುಚ್ಚಿಟ್ಟಿರ್ತಿದ್ದ ಪಿಜಿ ಆಂಟಿ, ನಿಮ್ಗೆ ಎದುರೇ ಹೇಳ್ತೀನಿ.

ನಮ್ಮ ಸೀನಿಯರ್ ಮೇಡಂ ಬಗ್ಗೆ ಹೇಳ್ಲೇಬೇಕು. ಪೋಸ್ಟಿಂಗ್ ಶುರುವಾದ ವಾರ ನನ್ನನ್ನೇ ಪೇಷಂಟ್ ಮಲಗೋ ಟೇಬಲ್ ಮೇಲೆ ಮಲಗಿಸಿದ್ರು. ಬಾಯಿ, ಗಂಟಲು ಕ್ಯಾನ್ಸರ್‌ಗೆ ಒಂದು ಮಾಸ್ಕ್ ಮಾಡ್ತೀವಿ, ತೂತು ತೂತಾಗಿರೋ ಪ್ಲಾಸ್ಟಿಕ್ ಶೀಟು, ಬಿಸಿನೀರಲ್ಲಿ ಹಾಕಿದ್ರೆ ಹಪ್ಪಳದ ಹಿಟ್ಟಿನ ಥರ ಮೆತ್ತಗಾಗುತ್ತೆ, ಅದನ್ನ ಮುಖದ ಮೇಲೆ ಎಳೆದು ಟೇಬಲ್‌ಗೆ ಲಾಕ್ ಮಾಡ್ತಾರೆ, ಸ್ವಲ್ಪ ಹೊತ್ತಲ್ಲಿ ಗಟ್ಟಿಯಾಗುತ್ತೆ, ಆಮೇಲೆ ತಲೆ ಅಲ್ಲಾಡಲ್ಲ. ನಂಗೆ ಮಾಸ್ಕ್ ಹಾಕಿ ಲೈಟ್ ಡಿಮ್ ಮಾಡಿ ಎಲ್ರೂ ಆಚೆ ಹೋದ್ರು. ಬೀಮ್ ಏನಿಲ್ಲ, ಬರೀ ಮಲಗಿದ್ದೆ. ಎರಡೇ ನಿಮಿಷ. ನನ್ನ ಉಸಿರೇ ನಂಗೆ ಜೋರಾಗಿ ಕೇಳಿಸ್ತಿತ್ತು, ಆಗ ಮೈಕಲ್ಲಿ ಮೇಡಂ ದನಿ ಬಂತು, "ಇಲ್ಲೇ ಇದೀನಿ, ಕ್ಯಾಮೆರಾದಲ್ಲಿ ನೋಡ್ತಿದೀನಿ, ಕಷ್ಟ ಆದ್ರೆ ಕೈ ಎತ್ತು" ಅಂತ. ಈಗ ಪ್ರತಿ ಪೇಷಂಟ್‌ಗೂ ನಾನು ಹೇಳೋದು ಅದೇ ಮಾತು. ಮೇಡಂ, ಅದು ನಿಮ್ಮದು.

ಇನ್ನೊಂದು ದಿನದ ವಿಷ್ಯ ಬರೀಬೇಕೋ ಬೇಡ್ವೋ ಅಂತ ತುಂಬಾ ಯೋಚ್ನೆ ಮಾಡ್ದೆ. ಟೇಬಲ್‌ನ 2 ಸೆಂಟಿಮೀಟರ್ ಎಡಕ್ಕೆ ಸರಿಸ್ಬೇಕಿತ್ತು, ನಾನು ಬಲಕ್ಕೆ ಸರಿಸಿದ್ದೆ. ನಮ್ಮಲ್ಲಿ ಒಬ್ರು ಸೆಟ್ ಮಾಡಿದ್ದನ್ನ ಇನ್ನೊಬ್ರು ಚೆಕ್ ಮಾಡ್ದೆ ಬೀಮ್ ಕೊಡಲ್ಲ, ಹಂಗಾಗಿ ಜೊತೆಗಿದ್ದ ಅಣ್ಣ ಅಲ್ಲೇ ಹಿಡಿದ್ರು, ಪೇಷಂಟ್‌ಗೆ ಏನೂ ಆಗ್ಲಿಲ್ಲ. ನಂಗೆ ಮಾತ್ರ ಕೈಕಾಲು ತಣ್ಣಗಾಯ್ತು, ಬಾತ್‌ರೂಮಲ್ಲಿ ಅತ್ತು ಬಂದು ಈ ಕೆಲ್ಸ ನನ್ನ ಕೈಲಾಗಲ್ಲ ಅಂದೆ. ರೇಡಿಯೇಷನ್ ಲೆಕ್ಕ ನೋಡ್ಕೊಳ್ಳೋ ಫಿಸಿಸಿಸ್ಟ್ ಸರ್ ಬೈಲಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಎಲ್ಲಿ ತಪ್ಪಾಯ್ತು ಅಂತ ಇಬ್ರೂ ಸೇರಿ ರಿಜಿಸ್ಟರಲ್ಲಿ ಬರೆದ್ವಿ, ಮಾರನೇ ದಿನದಿಂದ ಟೇಬಲ್ ಸರಿಸೋ ಮುಂಚೆ ದಿಕ್ಕನ್ನ ಬಾಯಿಬಿಟ್ಟು ಜೋರಾಗಿ ಹೇಳೋದು ರೂಢಿ ಮಾಡಿಸಿದ್ರು. ಸರ್, ಅವತ್ತು ನೀವು ಬೈದಿದ್ರೆ ನಾನು ಮುಂದಿನ ಸಲ ತಪ್ಪು ಮುಚ್ಚಿಡ್ತಿದ್ನೇನೋ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಭಯ ಆಗುತ್ತೆ.

ಕೊನೆಗೆ ಪಾವಗಡ ಕಡೆಯ ಆ ತಾತಂಗೆ. ವರ್ಷಗಟ್ಟಲೆ ಎಲೆ ಅಡಿಕೆ ಹೊಗೆಸೊಪ್ಪು ಹಾಕಿದ ಬಾಯಿ. ದಿನಕ್ಕೆ 2 ಗ್ರೇ (ಪೇಷಂಟ್‌ಗೆ ಕೊಡೋ ರೇಡಿಯೇಷನ್ ಡೋಸಿನ ಅಳತೆ), ಸೋಮವಾರದಿಂದ ಶುಕ್ರವಾರ, ಏಳು ವಾರ, ಒಟ್ಟು 35 ಸಿಟ್ಟಿಂಗ್. ಮೊದಲ್ನೇ ದಿನ ಎಲ್ರೂ ಕೇಳೋ ಪ್ರಶ್ನೇನೇ ಕೇಳಿದ್ರು, "ಕರೆಂಟ್ ಹೊಡೆಯುತ್ತೇನವ್ವಾ?" ನಮ್ಮ ಜನ ಇದನ್ನ ಕರೆಂಟ್ ಕೊಡೋದು ಅಂತಾರಲ್ಲ, ಲೈಟ್ ಕಂಬದ ಶಾಕ್ ಥರ ಇರುತ್ತೆ ಅಂತ ಹೆದರ್ಕೊಂಡೇ ಬರ್ತಾರೆ. ಏನೂ ಗೊತ್ತಾಗಲ್ಲ ತಾತ, ಎಕ್ಸ್‌ರೇ ತೆಗೆದಂಗೆ, ಮಿಷಿನ್ ಆಫ್ ಆದ್ಮೇಲೆ ಮೈಯಲ್ಲಿ ಏನೂ ಉಳಿಯಲ್ಲ, ಮೊಮ್ಮಕ್ಕಳನ್ನ ಧಾರಾಳವಾಗಿ ಎತ್ಕೋಬಹುದು ಅಂದೆ. ಅವ್ರು ಅರ್ಧ ನಂಬಿದ್ರು ಅಷ್ಟೇ.

ಐದನೇ ವಾರಕ್ಕೆ ಬಾಯೆಲ್ಲ ಹುಣ್ಣು, ಮಾತೇ ನಿಂತೋಯ್ತು, ಗಂಜಿ ಇಳಿಯೋದೂ ಕಷ್ಟ. ಕೆನ್ನೆ ಇಳಿದು ಮಾಸ್ಕ್ ಲೂಸಾಗಿ ಹೊಸದು ಮಾಡ್ಬೇಕಾಯ್ತು. ಆ ವಾರವೇ ಬೆಂಚ್ ಮೇಲೆ ಹೊಸಬರೊಬ್ರು ನಡುಗ್ತಾ ಕೂತಿದ್ರು, ನಾನು ಹೇಳಿದ್ದು ಅವ್ರ ಕಿವಿಗೇ ಹೋಗ್ತಿರ್ಲಿಲ್ಲ. ತಾತ ಎದ್ದು ಹೋಗಿ ಅವ್ರ ಪಕ್ಕ ಕೂತು, ಗೋಡೆಗೆ ತಲೆ ಆನಿಸಿ ಕಣ್ಮುಚ್ಚಿ, ಬೆರಳಲ್ಲಿ ಒಂದೊಂದೇ ಎಣಿಸಿ, ಎದ್ದು ನಿಂತು ಎರಡೂ ಕೈ ಅಲ್ಲಾಡಿಸಿ ತೋರಿಸಿದ್ರು, ಏನೂ ಇಲ್ಲ, ಇಷ್ಟೇ ಅಂತ. ಆ ಮನುಷ್ಯ ಎದ್ದು ಒಳಗೆ ಬಂದ್ರು.

ಲಾಸ್ಟ್ ದಿನ ತಾತ ಮಾಸ್ಕ್ ಬೇಕು ಅಂತ ಸನ್ನೆ ಮಾಡಿದ್ರು. ಯಾಕೆ ಅಂತ ಅಜ್ಜಿ ಹೇಳಿದ್ರು, ಹೊಲದಲ್ಲಿ ಬೆರ್ಚಪ್ಪಂಗೆ ಹಾಕೋಕಂತೆ. ಮೇಡಂ ಹೂಂ ಅಂದ್ರು, ನಾನೇ ಪೇಪರಲ್ಲಿ ಸುತ್ತಿ ಕೊಟ್ಟೆ. ಪಾವಗಡದ ಕಡೆ ಓಡಾಡೋರು ಯಾರಾದ್ರೂ ಇದ್ರೆ, ಕಡ್ಲೆಕಾಯಿ ಹೊಲದಲ್ಲಿ ಬಿಳಿ ಜಾಲರಿ ಮುಖದ ಬೆರ್ಚಪ್ಪ ಕಂಡ್ರೆ, ಆ ಮನೆಗೆ ಹೋಗಿ ನನ್ನ ನಮಸ್ಕಾರ ತಿಳಿಸಿ.