ನಾಳೆಯ ಪೆಪ್ಟೈಡ್ ಪ್ರಯೋಗ: ಓದಿಕೊಂಡು ಬನ್ನಿ

ಎಲ್ಲರ ಗಮನಕ್ಕೆ. ನಾಳೆ ಬೆಳಿಗ್ಗೆ 9:30ಕ್ಕೆ ಶುರು. ಹರಿಹರ, ಹೊನ್ನಾಳಿ ಕಡೆಯವರು ಬೇಗ ಹೊರಡಿ. ಬೆಣ್ಣೆದೋಸೆ ದಾವಣಗೆರೆ ಬಿಟ್ಟು ಎಲ್ಲೂ ಹೋಗಲ್ಲ, ಮಧ್ಯಾಹ್ನ ತಿನ್ನೋಣ.

ನಾಳೆಯದು ಮೆಲಿಟಿನ್: ಜೇನುಹುಳದ ವಿಷದಲ್ಲಿರೋ, 26 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದ್ರೆ ಪ್ರೋಟೀನ್ ಥರದ್ದೇ ಪುಟ್ಟ ಸರಪಳಿ. ಲೈಪೋಸೋಮ್ (ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆ) ಒಳಗೆ ಕ್ಯಾಲ್ಸೀನ್ ಅನ್ನೋ ಹೊಳೆಯೋ ಬಣ್ಣ ಒತ್ತೊತ್ತಾಗಿ ತುಂಬಿರುತ್ತೆ; ಹಾಗೆ ಒತ್ತೊತ್ತಾಗಿದ್ದಾಗ ಅದರ ಕಣಗಳು ಒಂದರ ಹೊಳಪನ್ನ ಇನ್ನೊಂದು ತಗ್ಗಿಸುತ್ತೆ, ಹಾಗಾಗಿ ಹೊಳಪು ಕಮ್ಮಿ. ಮೆಲಿಟಿನ್ ಪೊರೆಗೆ ತೂತು ಹಾಕಿದರೆ ಬಣ್ಣ ಹೊರಗೆ ಸೋರಿ ಹಸಿರಾಗಿ ಹೊಳೆಯುತ್ತೆ. ಆ ಏರಿಕೆಯೇ ನಮ್ಮ ರೀಡಿಂಗ್. ಕೊನೆಗೆ ಟ್ರೈಟನ್ (ಪೊರೆ ಕರಗಿಸೋ ಸೋಪಿನಂಥದ್ದು) ಹಾಕಿ ಎಲ್ಲ ಲೈಪೋಸೋಮ್ ಒಡೆದಾಗ ಬರೋದನ್ನ 100% ಅಂತ ಹಿಡೀರಿ.

ಲೈಪೋಸೋಮ್ ಟ್ಯೂಬನ್ನ ದಯವಿಟ್ಟು ಫ್ರೀಜರ್‌ನಲ್ಲಿ ಇಡಬೇಡಿ. ಹೋದ ಸಲ ನಾನೇ ಇಟ್ಟು, ಪೆಪ್ಟೈಡ್ ಹಾಕೋ ಮೊದಲೇ ಎಲ್ಲ ಸೋರಿತ್ತು! 4 ಡಿಗ್ರಿ ಸಾಕು, ಬೆಳಕು ತಾಗದ ಹಾಗೆ ಫಾಯಿಲ್ ಸುತ್ತಿಡಿ. ಗ್ಲೌಸ್ ಮರೀಬೇಡಿ, ಮೆಲಿಟಿನ್ ಬ್ಯಾಕ್ಟೀರಿಯಾನೂ ಬಿಡಲ್ಲ, ನಮ್ಮ ಕೆಂಪು ರಕ್ತಕಣಾನೂ ಬಿಡಲ್ಲ.